ನಡೆಯಬೇಕು, ಎತ್ತಬಾರದು

ಬೆಳಕು ಹರಿಯುವುದಕ್ಕೆ ಮೊದಲು ಅವಳು ಮುಗಿಸುತ್ತಿದ್ದ ಕೆಲಸಗಳು ಇವು: ನಲ್ಲಿಗೆ ಪೈಪು ಸಿಕ್ಕಿಸಿ ಡ್ರಮ್ಮು ತುಂಬುವುದು, ಪೈಪು ಎಟುಕದ ಅಡುಗೆಮನೆಗೆ ಕೊಡದಲ್ಲಿ ನೀರು ಹೊರುವುದು. ಹಾಲು ತರುವುದು, ಕಾಯಿಸುವುದು, ಉಕ್ಕದಂತೆ ಕಾವಲು ನಿಲ್ಲುವುದು. ಅತ್ತೆಗೆ ಬಿಸಿನೀರು, ಗಂಡನಿಗೆ ಚಹಾ. ಅಕ್ಕಿ ತೊಳೆದು ಒಲೆಗಿಟ್ಟು, ಅದು ಬೇಯುವಷ್ಟರಲ್ಲಿ ತರಕಾರಿ ಹೆಚ್ಚುವುದು. ಗಂಡನ ಡಬ್ಬಿ, ಮಗಳ ಡಬ್ಬಿ. ಗಂಡನ ಕಂಡಕ್ಟರ್ ಅಂಗಿಗೆ ಇಸ್ತ್ರಿ, ಮಗಳ ಶಾಲೆಯ ಬಟ್ಟೆಗೆ ಇಸ್ತ್ರಿ. ರಾತ್ರಿ ನೆನೆಹಾಕಿದ್ದನ್ನೆಲ್ಲ ಒಗೆದು, ಹಿಂಡಿ, ಬಕೆಟ್ಟಿಗೆ ತುಂಬಿ, ಮಹಡಿಗೆ ಹೊತ್ತು ಒಣಹಾಕುವುದು. ಇಷ್ಟಾದ ಮೇಲೆ ಸೂರ್ಯ ಹುಟ್ಟುತ್ತಿದ್ದ. ಮನೆಯವರ ಪ್ರಕಾರ ದಿನ ಶುರುವಾಗುತ್ತಿದ್ದುದೇ ಆಗ.

ಹಗಲಿನ ಕೆಲಸ ಬೇರೆ. ಬೀದಿಯ ದರ್ಜಿಗಳು ಹೊಲಿದ ಅಂಗಿಗಳನ್ನು ಗಂಟು ಕಟ್ಟಿ ಅವಳ ಹೊಸ್ತಿಲಲ್ಲಿ ಇಟ್ಟು ಹೋಗುತ್ತಿದ್ದರು. ಅವಳು ಗುಂಡಿಯ ಒಂದೊಂದು ತೂತಿನ ಅಂಚಿಗೂ ಒತ್ತೊತ್ತಾಗಿ ಕಾಜಾ ಹಾಕಿ, ಗುಂಡಿ ಹೊಲಿದು, ಸಂಜೆಗೆ ಗಂಟು ವಾಪಸು ಕೊಡುತ್ತಿದ್ದಳು. ಬೀದಿಗೆಲ್ಲ ಅವಳು ಕಾಜಾ ಅಕ್ಕ. ಮನೆಯಲ್ಲಿ ಅದಕ್ಕೆ ‘ಕೂತು ಮಾಡೋ ಕೆಲಸ’ ಎಂದು ಹೆಸರು. ಎಂದರೆ ವಿಶ್ರಾಂತಿಯದೇ ಇನ್ನೊಂದು ಬಗೆ.

ತಿಂಗಳ ಸ್ರಾವ ತಿಂಗಳಿಗೆ ಮುಗಿಯದೆ ಹರಿಯತೊಡಗಿ ಬಹಳ ಕಾಲವಾಗಿತ್ತು. ಅವಳು ಗಾಢ ಬಣ್ಣದ ಬಟ್ಟೆ ಉಟ್ಟಳು, ಹಳೆಯ ಬಟ್ಟೆಯ ಮಡಿಕೆ ದಪ್ಪ ಮಾಡಿಕೊಂಡಳು, ಯಾರಿಗೂ ಹೇಳಲಿಲ್ಲ. ಹೇಳಿದರೆ ಆಸ್ಪತ್ರೆ, ಆಸ್ಪತ್ರೆಯೆಂದರೆ ಕತ್ತರಿ. ಕತ್ತರಿಯ ಬಾಯಿ ಎಂಥದೆಂದು ಅವಳಿಗೆ ಗೊತ್ತಿತ್ತು. ಕೊನೆಗೊಂದು ಬೆಳಿಗ್ಗೆ ಒದ್ದೆ ಬಟ್ಟೆ ಹೊತ್ತು ಮಹಡಿ ಹತ್ತುವಾಗ ಕಣ್ಣು ಕತ್ತಲಿಟ್ಟು ಮೆಟ್ಟಿಲಲ್ಲೇ ಕುಸಿದಳು. ಅವಳು ಬಿದ್ದ ಸದ್ದು ಯಾರಿಗೂ ಕೇಳಿಸಲಿಲ್ಲ. ಬಕೆಟ್ಟು ಉರುಳಿದ ಸದ್ದಿಗೆ ಎಲ್ಲರೂ ಎದ್ದು ಬಂದರು.

ಗರ್ಭಕೋಶದ ತುಂಬ ಗಡ್ಡೆಗಳು, ಹೊಟ್ಟೆ ಕೊಯ್ದೇ ತೆಗೆಯಬೇಕು ಎಂದರು ಡಾಕ್ಟರ್. ಗಂಡ ಎಷ್ಟು ದಿನ ಆಗುತ್ತೆ ಎಂದು ಕೇಳಿದ. ಅವಳು ಬೇರೇನೋ ಕೇಳಿದಳು.

“ಡಾಕ್ಟ್ರೇ, ಹೊಲಿಯೋದು ಯಾವ ದಾರದಲ್ಲಿ?”

ಡಾಕ್ಟರ್ ಜೋರಾಗಿ ನಕ್ಕರು. “ನಿಮ್ಮದು ನೀವು ನೋಡ್ಕೊಳ್ಳಿ, ನಮ್ಮದು ನಾವು ನೋಡ್ಕೋತೀವಿ,” ಎಂದು ಮುಂದಿನವರನ್ನು ಕರೆದರು. ಉತ್ತರ ಸಿಗಲಿಲ್ಲ. ಉತ್ತರವಿಲ್ಲದ ಆ ಜಾಗದಲ್ಲಿ ಭಯ ಬಂದು ಕೂತಿತು.

ಅವಳ ಭಯ ಎಲ್ಲರ ಭಯದಂತಲ್ಲ. ಸಾಯುವ ಭಯ ಇರಲಿಲ್ಲವೆಂದಲ್ಲ, ಅದು ಹಿಂದಿನ ಸಾಲಿನಲ್ಲಿತ್ತು. ಮುಂದಿದ್ದದ್ದು ಅಕ್ಕಿ ಮೂಟೆ. ಮೂಟೆಯ ಬಾಯಿ ಎಷ್ಟೇ ಬಿಗಿಯಾಗಿ ಹೊಲಿದಿರಲಿ, ಸರಿಯಾದ ಎಳೆ ಹಿಡಿದು ಒಮ್ಮೆ ಎಳೆದರೆ ಸರ್ರನೆ ಈ ತುದಿಯಿಂದ ಆ ತುದಿಯವರೆಗೆ ಬಿಚ್ಚಿಕೊಳ್ಳುತ್ತದೆ. ಹೊಟ್ಟೆಯನ್ನೂ ಹಾಗೇ ಒಂದೇ ಎಳೆಯಲ್ಲಿ ಹೊಲಿದಿರುತ್ತಾರೆ, ಎಲ್ಲಿಯೋ ಒಂದು ಕಡೆ ದಾರ ಹರಿದರೆ ಒಳಗಿರುವುದೆಲ್ಲ ಮಡಿಲಿಗೆ ಬರುತ್ತದೆ. ಇದು ಅವಳು ಯಾರಿಂದಲೂ ಕೇಳಿದ್ದಲ್ಲ. ಜೀವಮಾನವಿಡೀ ಬಟ್ಟೆ ಹಿಡಿದ ಕೈ ತಾನಾಗಿ ಕಂಡುಕೊಂಡದ್ದು. ಆದ್ದರಿಂದಲೇ ಅದನ್ನು ಅನುಮಾನಿಸುವುದು ಅವಳಿಗೆ ಹೊಳೆಯಲಿಲ್ಲ.

ಆಪರೇಷನ್ ಆಯಿತು. ಎಚ್ಚರವಾದಾಗ ಹೊಟ್ಟೆಯ ಮೇಲೆ ಯಾರೋ ಕಾದ ಇಸ್ತ್ರಿಪೆಟ್ಟಿಗೆ ಇಟ್ಟು ಮರೆತುಹೋದಂತಿತ್ತು. ಅವಳು ಕೂಗಲಿಲ್ಲ. ಕೂಗಿದರೆ ಹೊಟ್ಟೆ ಬಿಗಿಯುತ್ತದೆ, ಬಿಗಿದರೆ ದಾರ ಎಳೆಯುತ್ತದೆ. ಉಸಿರನ್ನು ಕುತ್ತಿಗೆಯಿಂದ ಕೆಳಗೆ ಇಳಿಸಲಿಲ್ಲ. ಕಾಲು ಅಲುಗಿಸಲಿಲ್ಲ. ಸೀನು ಬಂದರೆ ಮೂಗು ಹಿಸುಕಿ ಕೊಂದಳು. ಕೆಮ್ಮು ಬಂದರೆ ಬೆವತು ನೀರಾಗಿ, ನುಂಗಿದಳು. ನೋವಿನ ಇಂಜೆಕ್ಷನ್ ಕೊಟ್ಟಾಗ ಸ್ವಲ್ಪ ಹೊತ್ತು ಇಸ್ತ್ರಿಪೆಟ್ಟಿಗೆ ತಣ್ಣಗಾಗುತ್ತಿತ್ತು, ಆದರೆ ಹೆದರಿಕೆಗೆ ಇಂಜೆಕ್ಷನ್ ನಾಟುತ್ತಿರಲಿಲ್ಲ. ಹಲಗೆಯಂತೆ ಬಿಗಿದುಕೊಂಡು ಮಲಗಿ ಮಲಗಿ ಹೊಟ್ಟೆಯ ನೋವಿನ ಜೊತೆಗೆ ಬೆನ್ನು, ಭುಜ, ದವಡೆ ಎಲ್ಲವೂ ನೋಯತೊಡಗಿದವು.

ಪಕ್ಕದ ಮಂಚದಲ್ಲಿ ಸೊಪ್ಪು ಮಾರುವ ಹೆಂಗಸು. ಅವಳಿಗೂ ಅದೇ ಆಪರೇಷನ್, ಒಂದು ದಿನ ಮೊದಲು ಆಗಿತ್ತು. ವಾರ್ಡಿಗೆಲ್ಲ ಸೊಪ್ಪಿನಕ್ಕ. ಬಂದ ದಿನವೇ ಇವಳ ಕಾಜಾ ಕೆಲಸವನ್ನೂ ಕೇಳಿ ತಿಳಿದುಕೊಂಡಿದ್ದಳು.

“ಏನ್ ತಂಗೀ, ಉಸಿರಾಡ್ತಿದೀಯಾ ಇಲ್ವಾ? ಪಕ್ಕದಲ್ಲಿ ಹೆಣ ಇಟ್ಕೊಂಡು ಊಟ ಮಾಡೋದು ಹೇಗೆ ಅಂತ ಕೇಳ್ದೆ ಅಷ್ಟೆ.”

“ನಗಿಸಬೇಡಿ ಅಕ್ಕಾ, ದಮ್ಮಯ್ಯ. ಕಿತ್ತು ಹೋಗುತ್ತೆ.”

“ಏನು ಕಿತ್ತು ಹೋಗೋದು?”

“ಹೊಲಿಗೆ.”

“ಹೋದ್ರೆ ನೀನೇ ಕೂತು ಹಾಕ್ಕೋ. ಕಾಜಾ ಹಾಕಿ ಗುಂಡಿ ಇಟ್ಬಿಡು, ಮುಂದಿನ ಸಲ ಡಾಕ್ಟ್ರಿಗೆ ಸುಲಭ.”

ನಗು ನುಗ್ಗಿ ಬಂತು. ಅವಳು ಹಲ್ಲು ಕಚ್ಚಿದಳು, ಕಣ್ಣಲ್ಲಿ ನೀರು ಸುರಿಯಿತು. ನಗು ಕೆಮ್ಮಾಗಿ ಗಂಟಲಲ್ಲಿ ಸಿಕ್ಕಿಕೊಂಡಿತು. ಎದೆಯೊಳಗೆ ಕಫ ಗೊರಗೊರ ಎಂದಿತು.

ಆ ಸದ್ದು ಕೇಳಿ ಕನ್ನಡಕದ ಸಿಸ್ಟರ್ ಬಂದರು. ದಪ್ಪ ಗಾಜಿನ ಕನ್ನಡಕ, ಸಣ್ಣ ಧ್ವನಿ, ದುಡುಕಿಲ್ಲದ ಕೈ. ಎದೆಯ ಮೇಲೆ ಕೈಯಿಟ್ಟು ನೋಡಿದರು.

“ಕೆಮ್ಮು ನುಂಗ್ತಾ ಇದೀರಲ್ಲಮ್ಮ. ಯಾಕೆ?”

ಅವಳು ಮೂಟೆಯ ಸಂಗತಿ ಹೇಳಿದಳು. ಸಿಸ್ಟರ್ ನಗಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತರು.

“ಮೂಟೆಗೆ ಒಂದೇ ಪದರ. ಹೊಟ್ಟೆ ಹಾಗಲ್ಲ. ಒಳಗೊಂದು, ನಡುವೆ ಗಟ್ಟಿಯಾದ್ದೊಂದು, ಮೇಲೆ ಚರ್ಮ. ಪದರಕ್ಕೊಂದು ಹೊಲಿಗೆ, ಬೇರೆ ಬೇರೆ ಗಂಟು. ಒಂದು ಕೆಮ್ಮಿಗೆ ಬಿಚ್ಚೋ ಹಾಗೆ ಹೊಲಿದ್ರೆ ನಮ್ಮನ್ನ ಕೆಲಸದಲ್ಲಿ ಇಟ್ಕೋತಾರಾ? ಕೆಮ್ಮದೇ ಇದ್ರೇನೇ ಕಷ್ಟ. ಕಫ ಕಟ್ಟುತ್ತೆ, ಜ್ವರ ಬರುತ್ತೆ. ನೋವಿಗೆ ಮದ್ದು ಕೊಡ್ತಾ ಇದೀವಿ, ಬೇಡ ಅನ್ನಬೇಡಿ. ಆದ್ರೆ ಅದೊಂದೇ ಸಾಕಾಗಲ್ಲ. ಉಳಿದದ್ದು ನಿಮ್ಮ ಕೈಲಿದೆ.”

ತಲೆಯ ಕೆಳಗಿನ ದಿಂಬನ್ನು ಎಳೆದು, ಮಡಚಿ, ಹೊಟ್ಟೆಯ ಮೇಲಿಟ್ಟು ಅವಳ ಎರಡೂ ಕೈಗಳನ್ನು ಅದರ ಮೇಲಿಟ್ಟರು. “ಮಂಡಿ ಮಡಚಿ. ದಿಂಬನ್ನ ಹೊಟ್ಟೆಗೆ ಒತ್ತಿ ಹಿಡಿದ್ಕೊಳ್ಳಿ, ಮಗು ಅಪ್ಪಿಕೊಂಡ ಹಾಗೆ. ಈಗ ಮೂಗಿಂದ ನಿಧಾನಕ್ಕೆ ಉಸಿರು ತಗೊಳ್ಳಿ. ಕುತ್ತಿಗೆಗೆ ನಿಲ್ಲಿಸಬೇಡಿ, ಕೆಳಗಿಳೀಲಿ. ಬಿಸಿ ಚಹಾ ಆರಿಸ್ತೀರಲ್ಲ, ಹಾಗೆ ಬಾಯಿಂದ ಊದಿ. ಹಾಂ. ಈಗ ಕೆಮ್ಮಿ.”

“ಆಗಲ್ಲ ಸಿಸ್ಟರ್.”

“ನನ್ನ ಕೈಯೂ ಇದೆ ಮೇಲೆ.”

ಅವಳಿಗೆ ಆ ಗಳಿಗೆಯಲ್ಲಿ ಮಗಳ ಮುಖ ಕಂಡಿತು, ಬಿಚ್ಚಿಹೋದ ಮೂಟೆ ಕಂಡಿತು. ಕಣ್ಣು ಮುಚ್ಚಿ ಕೆಮ್ಮಿದಳು. ನೋವು ಒಂದು ಅಲಗಿನಂತೆ ಹೊಕ್ಕು ಹೊರಟಿತು. ದಿಂಬು ಮಾತ್ರ ಗಟ್ಟಿಯಾಗಿ ನಿಂತಿತ್ತು. ಅವಳು ದಿಂಬನ್ನು ಮೆಲ್ಲಗೆ ಎತ್ತಿ, ಬಗ್ಗಿ ನೋಡಲಾರದೆ, ಕೈಯಿಂದ ಪಟ್ಟಿಯನ್ನು ಮುಟ್ಟಿ ಮುಟ್ಟಿ ನೋಡಿದಳು. ಒಣಗಿತ್ತು.

“ಇನ್ನೊಂದು ಸಲ,” ಎಂದರು ಸಿಸ್ಟರ್.

ಸಂಜೆ ಏಳುವುದನ್ನು ಕಲಿಸಿದರು. ನೇರವಾಗಿ ಎದ್ದು ಕೂರಬಾರದು. ಮೊದಲು ಮಂಡಿ ಮಡಚಿ, ಭುಜ ಸೊಂಟ ಒಟ್ಟಿಗೆ ಮರದ ದಿಮ್ಮಿಯಂತೆ ಪಕ್ಕಕ್ಕೆ ಹೊರಳಿ, ಕಾಲುಗಳನ್ನು ಮಂಚದಿಂದ ಇಳಿಬಿಟ್ಟು, ಮೊಣಕೈ ಊರಿ ಏಳಬೇಕು. ಅಗಲವಾದ ಬಟ್ಟೆಯ ಬೆಲ್ಟು ಹೊಟ್ಟೆಗೆ ಸುತ್ತಿದರು. ಮೊದಲ ಸಲ ನಿಂತಾಗ ಕರುಳೆಲ್ಲ ಕೆಳಗೆ ಜಾರುತ್ತಿದೆ ಎನಿಸಿ ಅವಳು ಸಿಸ್ಟರ್ ತೋಳಿಗೆ ಉಗುರು ಊರಿದಳು. ಗೋಡೆ ಹಿಡಿದು ಬಾಗಿಲವರೆಗೆ ಹೋಗಿ ಬಂದಳು. ವಾಪಸು ಬಂದು ಮಲಗಿದಾಗ ಬೆನ್ನಿನ ನೋವು ಅರ್ಧ ಇಳಿದಿತ್ತು. ಇದು ಮೋಸವಿರಬಹುದು ಎಂದು ಇನ್ನಷ್ಟು ಹೆದರಿದಳು.

ನೋಡಲು ಬಂದ ಮಗಳಿಗೂ ಸಿಸ್ಟರ್ ಕೆಲಸ ಕಲಿಸಿದರು. ಅಂಗೈ, ಅಂಗಾಲುಗಳನ್ನು ಹೆಬ್ಬೆರಳಿನಿಂದ ನಿಧಾನಕ್ಕೆ ಒತ್ತಿ ನೀವುವುದು. ಆ ಕಾಲುಗಳನ್ನು ಅದಕ್ಕೆ ಮುಂಚೆ ಯಾರೂ ಒತ್ತಿರಲಿಲ್ಲ. ಮಗಳ ಬೆರಳು ತಾಗಿದಾಗ ಅವಳು ನಾಚಿಕೆಯಿಂದ ಕಾಲು ಎಳೆದುಕೊಂಡಳು. “ಸುಮ್ನಿರಮ್ಮ,” ಎಂದಳು ಮಗಳು. ಒತ್ತುತ್ತ ಒತ್ತುತ್ತ ತಾಯಿಯ ದವಡೆಯ ಬಿಗಿ ಸಡಿಲವಾಯಿತು. ಸೊಪ್ಪಿನಕ್ಕ ಆ ಕಡೆಯಿಂದ, “ನನಗೆ ಹುಟ್ಟಿರೋದೆಲ್ಲ ಗಂಡು. ಒಂದು ಕಾಲು ಇಲ್ಲಿ ಚಾಚ್ಲಾ?” ಎಂದಳು. ಈ ಸಲ ಅವಳು ದಿಂಬು ಒತ್ತಿ ಹಿಡಿದು ನಕ್ಕಳು.

ಬಿಡುಗಡೆಯ ದಿನ ಸಿಸ್ಟರ್ ಗಂಡನನ್ನೂ ಅತ್ತೆಯನ್ನೂ ನಿಲ್ಲಿಸಿಕೊಂಡು ಹೇಳಿದರು: “ದಿನಾ ನಡೀಬೇಕು. ಸ್ವಲ್ಪ ಸ್ವಲ್ಪ ಜಾಸ್ತಿ ಮಾಡ್ತಾ ಹೋಗಬೇಕು. ನಡೆದಷ್ಟೂ ನೋವು ಕಮ್ಮಿ. ಆದ್ರೆ ಭಾರ ಎತ್ತಬಾರದು. ನಾವು ಹೇಳೋವರೆಗೂ ತುಂಬಿದ ಬಿಂದಿಗೆ, ಬಕೆಟ್ಟು ಮುಟ್ಟಬಾರದು.”

ಗಂಡ ಬಿಲ್ಲಿನ ಕಿಟಕಿಯ ಕಡೆ ನೋಡುತ್ತ ತಲೆಯಾಡಿಸಿದ. ಎರಡು ಮಾತಿನಲ್ಲಿ ಮೊದಲನೆಯದು ಮನೆಯವರೆಗೂ ಬಂತು. ಎರಡನೆಯದು ಆಸ್ಪತ್ರೆಯ ಮೆಟ್ಟಿಲಲ್ಲೇ ಉಳಿಯಿತು.

ಮೊದಲೆರಡು ದಿನ ಮನೆ ಒಳ್ಳೆಯದಾಗಿಯೇ ಇತ್ತು. ಅತ್ತೆ ಗಂಜಿ ಮಾಡಿಕೊಟ್ಟರು. ಅವಳು ಕೋಣೆಯಿಂದ ಹಜಾರಕ್ಕೆ, ಹಜಾರದಿಂದ ಕೋಣೆಗೆ ನಡೆದಳು. ಆಮೇಲೆ ಅತ್ತೆಗೆ ಅನಿಸಿತು, ಹೇಗೂ ನಡೆಯುತ್ತಾಳಲ್ಲ.

“ಹೇಗೂ ಆ ಕಡೆ ಹೋಗ್ತಿದೀಯ, ಹಾಲು ಆರಿಸಿ ಬಾ.”

“ಸುಮ್ನೆ ಗೋಡೆಗೆ ನಡೆಯೋ ಬದಲು ಅಡುಗೆಮನೆಗೆ ನಡೀಬಾರ್ದಾ? ನಡಿಗೆ ನಡಿಗೆನೇ ತಾನೆ? ಡಾಕ್ಟ್ರೇ ಹೇಳಿದಾರೆ.”

ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ. ಆ ಮನೆಯಲ್ಲಿ ಯಾವ ಹೆಂಗಸೂ ಬರಿಗೈಯಲ್ಲಿ ನಡೆದದ್ದನ್ನು ಯಾರೂ ಕಂಡಿರಲಿಲ್ಲ. ಹೆಂಗಸು ನಡೆಯುತ್ತಾಳೆಂದರೆ ಒಂದನ್ನು ಎಲ್ಲಿಂದಲೋ ಎಲ್ಲಿಗೋ ಒಯ್ಯುತ್ತಿದ್ದಾಳೆ ಎಂದೇ ಅರ್ಥ. ಅತ್ತೆಯೂ ಹಾಗೆಯೇ ಮುದುಕಿಯಾಗಿದ್ದರು. ಹಾಲಾಯಿತು, ತರಕಾರಿಯಾಯಿತು. ಒಂದು ಬೆಳಿಗ್ಗೆ ಮಗಳು ಇನ್ನೂ ಮಲಗಿದ್ದಾಗ, ಏಳಿಸಲು ಮನಸ್ಸಾಗದೆ, ಅವಳೇ ಅಡುಗೆಮನೆಗೆ ಒಂದು ಕೊಡ ನೀರು ಎತ್ತಿದಳು.

ಕೊಡ ಕೆಳಗಿಟ್ಟಾಗ ಹೊಟ್ಟೆಯ ಎಡತುದಿಯಲ್ಲಿ ಏನೋ ಚುಳ್ಳೆಂದಿತು. ಆಮೇಲೆ ಬೆಲ್ಟಿನ ಒಳಗೆ ಬೆಚ್ಚಗೆ, ಒದ್ದೆಯಾಗಿ ಹರಿಯಿತು.

ಎಳೆ ಹರಿಯಿತು ಎಂದುಕೊಂಡಳು. ಈಗ ಸರ್ರನೆ ಬಿಚ್ಚಿಕೊಳ್ಳುತ್ತದೆ. ಹೊಟ್ಟೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು, ಗೋಡೆಗೆ ಹೆಗಲು ಕೊಟ್ಟು, ಅಂಗುಲ ಅಂಗುಲವಾಗಿ ಕೋಣೆಗೆ ಬಂದು ಮಲಗಿದಳು. ಪಟ್ಟಿಯ ಅಂಚಿನಲ್ಲಿ ತಿಳಿಗೆಂಪು ನೀರು. ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಮತ್ತೆ ಆಸ್ಪತ್ರೆ, ಮತ್ತೆ ಕತ್ತರಿ. ಮಡಿಸಿದ ಬಟ್ಟೆಯೊಂದನ್ನು ಮೇಲಿಟ್ಟು ಬೆಲ್ಟು ಬಿಗಿದಳು. ಅಂದಿನಿಂದ ಏಳಲಿಲ್ಲ.

ಎದ್ದರೆ ಎತ್ತಬೇಕಾಗುತ್ತದೆ. ಮಲಗಿದ್ದರೆ ಮಾತ್ರ ಬಿಡುತ್ತಾರೆ. ಇದು ಅವಳಿಗೆ ಸ್ಪಷ್ಟವಾಯಿತು. ಯಾರಾದರೂ ಬಾಗಿಲಿಗೆ ಬಂದರೆ ನರಳಿದಳು, ಮೊದಮೊದಲು ಸುಳ್ಳಿಗೆ, ಆಮೇಲೆ ನಿಜಕ್ಕೇ. ಉಸಿರು ಮತ್ತೆ ಕುತ್ತಿಗೆಗೆ ಏರಿತು. ಹೊಟ್ಟೆಯೊಳಗೆ ವಾಯು ಕಲ್ಲಿನಂತೆ ಕೂತಿತು. ಕೆಮ್ಮು ಬಂದರೆ ನುಂಗಿದಳು. ಗಂಡ ಬಾಗಿಲಲ್ಲಿ ನಿಂತು, “ಆಸ್ಪತ್ರೆಲಿ ಚೆನ್ನಾಗಿ ಓಡಾಡ್ತಿದ್ದಳು. ಮನೆಗೆ ಬಂದ ಮೇಲೆ ಏನಾಯ್ತೋ,” ಎಂದ.

“ಮನೆ ಗಾಳಿ ಹಿಡಿಸ್ಲಿಲ್ಲ ಅಂತ ಕಾಣುತ್ತೆ,” ಎಂದರು ಅತ್ತೆ. “ನಾವೆಲ್ಲ ಹೆತ್ತು ಮೂರನೇ ದಿನಕ್ಕೆ ಬಟ್ಟೆ ಒಗೆದವರು.”

ಎಲ್ಲಕ್ಕಿಂತ ಹೆಚ್ಚು ಅವಳನ್ನು ಹೆದರಿಸಿದ್ದು ಗೋಡೆಯಾಚೆಯ ಸದ್ದುಗಳು. ಕತ್ತಲಿರುವಾಗಲೇ ಡ್ರಮ್ಮಿಗೆ ನೀರು ಬೀಳುವ ಸದ್ದು, ಪಾತ್ರೆಯ ಸದ್ದು, ಮಹಡಿಯ ಮೆಟ್ಟಿಲಲ್ಲಿ ಎಳೆಯ ಹೆಜ್ಜೆಗಳು, ಏದುಸಿರು. ಯಾರೂ ಹೇಳದೆ, ಯಾರೂ ಕೇಳದೆ, ಅವಳ ಕೆಲಸಗಳೆಲ್ಲ ಮಗಳ ಮೈಗೆ ಹೋಗಿ ಸೇರಿದ್ದವು. ಮಗಳಿಗೆ ಪರೀಕ್ಷೆ ಹತ್ತಿರವಿತ್ತು. ಒಂದು ಸಂಜೆ ಕಾಲು ಒತ್ತಲು ಬಂದ ಹುಡುಗಿ ಅಂಗಾಲು ಹಿಡಿದುಕೊಂಡೇ ಮಂಚದ ಅಂಚಿಗೆ ತಲೆಯಿಟ್ಟು ನಿದ್ದೆಹೋದಳು. ಅವಳು ಆ ತಲೆಯನ್ನು ಮುಟ್ಟಲು ಕೈ ಚಾಚಿದಳು. ಎಟುಕಲಿಲ್ಲ, ಹೊರಳಲು ಧೈರ್ಯವಾಗಲಿಲ್ಲ.

ಪಟ್ಟಿ ಬದಲಿಸುವ ದಿನ ಗಂಡ ಆಟೋದಲ್ಲಿ ಕರೆದೊಯ್ದ. ಅವನು ಹೊರಗೇ ನಿಂತ. ಒಳಗೆ ಕನ್ನಡಕದ ಸಿಸ್ಟರ್ ಬೆಲ್ಟು ಬಿಚ್ಚಿ, ಅವಳಿಟ್ಟ ಬಟ್ಟೆಯನ್ನು ತೆಗೆದು, ಅವಳ ಮುಖ ನೋಡಿದರು.

“ಬಿಚ್ಚಿಹೋಯ್ತಾ ಸಿಸ್ಟರ್?”

“ಇಲ್ಲ. ಚರ್ಮದ ಕೆಳಗೆ ನೀರು ನಿಂತು ಮೇಲಿನ ಹೊಲಿಗೆ ಒಂದು ಮೂಲೇಲಿ ಚೂರು ಬಿಟ್ಕೊಂಡಿದೆ. ಕೆಳಗಿನ ಪದರ ಗಟ್ಟಿಯಾಗಿದೆ. ನಿಮ್ಮ ಪುಣ್ಯ, ಕೀವಾಗಿಲ್ಲ. ಒದ್ದೆ ಕಂಡ ತಕ್ಷಣ ಬರಬೇಕಿತ್ತಲ್ಲಮ್ಮ. ಏನು ಎತ್ತಿದ್ರಿ?”

ಡಾಕ್ಟರೂ ಬಂದು ನೋಡಿ ಅದನ್ನೇ ಹೇಳಿ ಹೋದರು. ಅವಳು ಅತ್ತಳು. ಅಳುವುದಕ್ಕೂ ಹೊಟ್ಟೆ ಬೇಕು. ದಿಂಬಿಲ್ಲದ್ದರಿಂದ ಸಿಸ್ಟರ್ ತಮ್ಮ ಅಂಗೈಯನ್ನೇ ಒತ್ತಿ ಹಿಡಿದರು. ಅಳು ನಿಂತ ಮೇಲೆ ಅವಳು ಸಿಸ್ಟರ್ ಕೈ ಬಿಡಲಿಲ್ಲ.

“ಒಂದು ಉಪಕಾರ ಮಾಡಿ. ಹೊರಗೆ ಇವರಿದಾರೆ. ಹಾಸಿಗೆ ಬಿಟ್ಟು ಏಳಲೇಬಾರದು ಅಂತ ಹೇಳಿ. ನೀವು ಹೇಳಿದ್ರೆ ನಂಬ್ತಾರೆ.”

“ಅದು ಸುಳ್ಳಲ್ವಾ? ಏಳದೇ ಇದ್ರೆ ಎದೆಯಲ್ಲಿ ಕಫ, ಕಾಲಲ್ಲಿ ರಕ್ತ ಹೆಪ್ಪು. ನೋವಂತೂ ಈಗ ನೀವೇ ನೋಡಿದೀರಿ, ಬಿಗಿದುಕೊಂಡಷ್ಟೂ ಜಾಸ್ತಿ.”

“ನಡೆದ್ರೆ ಕೆಲಸ ಕೊಡ್ತಾರೆ ಸಿಸ್ಟರ್.”

ಸಿಸ್ಟರ್ ಹೊಸ ಪಟ್ಟಿ ಅಂಟಿಸಿ ಅಂಚುಗಳನ್ನು ಒತ್ತಿದರು. “ನಾನು ಕರೆದು ಇನ್ನೊಂದು ಸಲ ನಿಜ ಹೇಳ್ತೀನಿ. ಭಾರ ಎತ್ತಬಾರದು ಅಂತ ಖಂಡಿತ ಹೇಳ್ತೀನಿ. ಆದ್ರೆ ಬೆಳಿಗ್ಗೆ ಎದ್ದಾಗ ನಿಮ್ಮ ಮನೇಲಿ ನಾನಿರಲ್ಲ.”

ಸಿಸ್ಟರ್ ಹೇಳಿದರು. ಗಂಡ ಮತ್ತೆ ತಲೆಯಾಡಿಸಿದ. ಆಟೋದಲ್ಲಿ ಕೂತ ಮೇಲೆ, “ಏನೋ ಎತ್ತಬಾರದು ಅಂದ್ರಲ್ಲ, ನೋಡ್ಕೊಂಡು ಎತ್ತು,” ಎಂದ. ಅವಳನ್ನು ಇಳಿಸಿ ಡ್ಯೂಟಿಗೆ ಹೋದ.

ಮಧ್ಯಾಹ್ನವಿಡೀ ಅವಳು ಸೂರು ನೋಡುತ್ತ ಮಲಗಿದ್ದಳು. ಅತ್ತೆ ಎರಡು ಸಲ ಬಾಗಿಲಿಗೆ ಬಂದು, “ಏನಂದ್ರು?” ಎಂದು ಕೇಳಿದರು. ಏಳಬಾರದು ಅಂದ್ರು ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆ ಒಂದು ಮಾತಿಗೆ ವಾರಗಟ್ಟಲೆ ನೆಮ್ಮದಿ ಸಿಗುತ್ತಿತ್ತು. ಎದೆಯ ಕಫವೂ ಸಿಗುತ್ತಿತ್ತು, ಮಹಡಿಯ ಮೆಟ್ಟಿಲಲ್ಲಿ ಮಗಳ ಏದುಸಿರೂ ಸಿಗುತ್ತಿತ್ತು. ಅವಳು ಎರಡು ಸಲವೂ ಕಣ್ಣು ಮುಚ್ಚಿ ನಿದ್ದೆಯ ನಟನೆ ಮಾಡಿದಳು. ಹೊಲಿಗೆ ಬಿಚ್ಚದೆಂದು ಈಗ ಅವಳಿಗೆ ಗೊತ್ತಿತ್ತು. ಆದರೂ ಹೆದರಿಕೆ ಹೋಗಿರಲಿಲ್ಲ. ಇದು ಬೇರೆ ಭಯವೆಂದು ಮೆಲ್ಲಗೆ ಗೊತ್ತಾಯಿತು. ಮನೆಯೊಳಗೆ ನಡೆದರೆ ಕೈಗೆ ಕೆಲಸ ಬರುತ್ತದೆ, ಬೀದಿಯಲ್ಲೇ ನಡೆಯಬೇಕು, ನಾಲ್ಕು ಜನ ನೋಡುತ್ತಾರೆ. ನೋಡಿದ ಮೇಲೂ ಕೈ ಖಾಲಿಯಿರಬೇಕು. ಬೀದಿ ಸುತ್ತೋಕಾಗುತ್ತೆ, ಕೊಡ ಎತ್ತೋಕಾಗಲ್ವಾ ಎಂದು ಅತ್ತೆ ಅಂದೇ ಅನ್ನುತ್ತಾರೆ. ಅದಕ್ಕೆ ಯಾವ ಸಿಸ್ಟರೂ ಕೈ ಒತ್ತಿ ಹಿಡಿಯಲಾರರು.

ಇಳಿಹೊತ್ತಿಗೆ ಮಗಳು ಶಾಲೆಯಿಂದ ಬಂದು ಚೀಲವಿಟ್ಟವಳೇ ಅಡುಗೆಮನೆಗೆ ನಡೆದ ಸದ್ದು ಕೇಳಿಸಿತು. ಪಾತ್ರೆಗಳು ಸದ್ದು ಮಾಡಿದವು.

ಅವಳು ಮಂಡಿ ಮಡಚಿದಳು. ದಿಮ್ಮಿಯಂತೆ ಪಕ್ಕಕ್ಕೆ ಹೊರಳಿ, ಕಾಲು ಇಳಿಬಿಟ್ಟು, ಮೊಣಕೈ ಊರಿದಳು. ಎದ್ದು ಕೂತಾಗ ಕಣ್ಣ ಮುಂದೆ ಚುಕ್ಕೆಗಳು ಕುಣಿದವು. ಬಿಸಿ ಚಹಾ ಆರಿಸುವಂತೆ ಊದಿದಳು. ಬೆಲ್ಟು ಸರಿಮಾಡಿಕೊಂಡು ನಿಂತಳು.

ಅಡುಗೆಮನೆಯ ಬಾಗಿಲಲ್ಲಿ ಮಗಳ ಕೈಯಿಂದ ಪಾತ್ರೆ ತೆಗೆದು ಕೆಳಗಿಟ್ಟಳು. ಅದೊಂದು ಹಗುರ ತಟ್ಟೆ. “ಹೋಗಿ ಓದ್ಕೋ.”

“ಅಮ್ಮಾ, ಎದ್ಯಾ? ಅಜ್ಜಿ ಬೈತಾರೆ, ಇದೆಲ್ಲ ಹೀಗೇ ಇದ್ರೆ.”

“ಬೈಲಿ. ಓದ್ಕೋ.”

ಅತ್ತೆ ಹೊಸ್ತಿಲಲ್ಲಿ ಕೂತಿದ್ದರು. ಅವಳು ಪಕ್ಕದಲ್ಲಿ ಬಂದು ನಿಂತದ್ದನ್ನು ಕಂಡು ಅವರ ಮುಖದಲ್ಲಿ ನಿಜವಾದ ಸಂತೋಷವೇ ಮೂಡಿತು.

“ಅಬ್ಬಾ, ಎದ್ದೆಯಲ್ಲ! ಹುಷಾರಾಯ್ತಲ್ಲ. ನೆನೆಹಾಕಿದ ಬಟ್ಟೆ ಬೆಳಿಗ್ಗೆಯಿಂದ ಹಾಗೇ ಇದೆ ನೋಡು.”

“ಹುಷಾರಾಗಿಲ್ಲ ಅತ್ತೆ. ಹುಷಾರಾಗೋಕೆ ನಡೀತಾ ಇದೀನಿ.”

“ಮತ್ತೆ ಬಟ್ಟೆ?”

“ನಿಮ್ಮ ಮಗ ಬರ್ತಾರೆ ಸಂಜೆಗೆ.”

“ಅವನು ಒಗೀತಾನಾ? ಒಳ್ಳೆ ತಮಾಷೆ.”

ಇಲ್ಲಿಂದ ಒಳಗೆ ತಿರುಗಿದರೂ ಆಗುತ್ತಿತ್ತು. ಒಂದು ನರಳು ನರಳಿ ಮಂಚ ಸೇರಿದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಎದುರು ಮನೆಯ ಜಗಲಿಯಲ್ಲಿ ಇಬ್ಬರು ಹೆಂಗಸರು ಮಾತು ನಿಲ್ಲಿಸಿ ಇತ್ತ ನೋಡಿದರು. ಮೂಲೆಯ ದರ್ಜಿ ಯಂತ್ರ ತುಳಿಯುವುದನ್ನು ಬಿಟ್ಟು ತಲೆಯೆತ್ತಿದ.

ಅವಳು ಹೊಸ್ತಿಲು ದಾಟಿ ಬೀದಿಗಿಳಿದಳು. ಒಂದು ಕೈ ಹೊಟ್ಟೆಯ ಮೇಲಿತ್ತು, ಇನ್ನೊಂದು ಸುಮ್ಮನೆ ಜೋತಿತ್ತು. ಏನನ್ನೂ ಹಿಡಿಯದ ಕೈಯನ್ನು ಎಲ್ಲಿಡಬೇಕೆಂದು ಅದಕ್ಕೇ ತಿಳಿಯದಂತಿತ್ತು. ಹಿಂದಿನಿಂದ ಅತ್ತೆಯ ಧ್ವನಿ ಏರಿತು, ಬೀದಿಗೆಲ್ಲ ಕೇಳುವಂತೆ. ಅವಳ ಉಸಿರು ಮತ್ತೆ ಕುತ್ತಿಗೆಗೆ ಹತ್ತಿತು. ಅಲ್ಲೇ ನಿಂತು, ಅದನ್ನು ಮೆಲ್ಲಗೆ ಹೊಟ್ಟೆಯವರೆಗೂ ಇಳಿಸಿ, ತಿರುವಿನ ಕಡೆಗೆ ಮುಂದಿನ ಹೆಜ್ಜೆ ಇಟ್ಟಳು.